ಅಪ್‌ಡೇಟ್: ಖಿನ್ನತೆಗೆ ಮೊದಲೋ, ಹೆರಾಯಿನ್ ಚಟಕ್ಕೆ ಮೊದಲೋ?

ಖಿನ್ನತೆಯೂ ಹೆರಾಯಿನ್ ಚಟವೂ ಒಟ್ಟಿಗಿದ್ದರೆ ಮೊದಲು ಯಾವುದಕ್ಕೆ ಚಿಕಿತ್ಸೆ ಎಂದು ಕೇಳಿದ್ದೆ. ಬಂದ ಉತ್ತರಗಳ ಸಾರ: ಎರಡಕ್ಕೂ ಒಟ್ಟಿಗೇ. "ಮೊದಲು ಚಟ ಬಿಡಲಿ, ಆಮೇಲೆ ಮನಸ್ಸಿನ ಮದ್ದು" ಎಂಬ ಹಳೆಯ ಮಾತಿಗೆ ಅರ್ಥವಿಲ್ಲ. ಖಿನ್ನತೆ ಹಾಗೆಯೇ ಉಳಿದರೆ ನಿದ್ದೆಗೆಟ್ಟವನು ಮತ್ತೆ ಅದೇ ಪುಡಿಗೆ ಕೈಹಾಕುತ್ತಾನೆ. ಬಿಟ್ಟ ಮೇಲೆ ದೇಹದ ತಾಳಿಕೆ ಇಳಿದಿರುವುದರಿಂದ ಹಿಂದಿನ ಪ್ರಮಾಣವೇ ಜೀವ ತೆಗೆಯಬಹುದು.

ಹೆರಾಯಿನ್ ಚಟದ ಚಿಕಿತ್ಸೆಗೆ ಕೊಡುವ ಬುಪ್ರೆನಾರ್ಫಿನ್-ನಲೋಕ್ಸೋನ್ ಮಾತ್ರೆ ಶುರುಮಾಡಲು ಕೊನೆಯ ಹೆರಾಯಿನ್‌ನಿಂದ ಸಾಮಾನ್ಯವಾಗಿ 12ರಿಂದ 24 ಗಂಟೆ ಕಳೆದು, ಆಕಳಿಕೆ, ಬೆವರು, ಮೈನೋವು ಸ್ಪಷ್ಟವಾಗಿ ಕಾಣಬೇಕು. ಅವಸರ ಮಾಡಿದರೆ ಮದ್ದೇ ಹಿಂಜರಿತವನ್ನು (ಚಟದ ವಸ್ತು ನಿಂತಾಗ ಆಗುವ ನರಳಾಟವನ್ನು) ಒಮ್ಮೆಲೇ ಕೆರಳಿಸುತ್ತದೆ. ಆಗ "ಈ ಮಾತ್ರೆ ಆಗಿಬರುವುದಿಲ್ಲ" ಎಂದು ರೋಗಿ ಓಡಿಹೋಗುವುದೇ ಹೆಚ್ಚು. ಮಾತ್ರೆಯನ್ನು ನಾಲಿಗೆಯ ಕೆಳಗೆ ಕರಗಿಸಬೇಕು, ನುಂಗಿದರೆ ಬಹುಪಾಲು ವ್ಯರ್ಥ.

ಮೊದಲ ವಾರಗಳ ಬೇಸರ ಬರೀ ಹಿಂಜರಿತದ್ದೂ ಇರಬಹುದು. ಈ ಬೇಸರ ಚಟಕ್ಕೆ ಮೊದಲೇ ಇತ್ತೇ, ಬಿಟ್ಟು ತಿಂಗಳಾದರೂ ಉಳಿದಿದೆಯೇ ಎಂದು ವೈದ್ಯರು ನೋಡುತ್ತಾರೆ. ಆದರೆ ಸಾಯುವ ಮಾತು ಬಂದರೆ ಕಾಯುವಂತಿಲ್ಲ. ಖಿನ್ನತೆಯ ಮದ್ದಿನ ಪೂರ್ಣ ಪರಿಣಾಮ ಕಾಣಲು ಹಲವು ವಾರ ಬೇಕು.

ಎಡವುವುದು ಮದ್ದುಗಳ ಜೋಡಣೆಯಲ್ಲಿ. ಆತಂಕಕ್ಕೆಂದು ಅಲ್ಪ್ರಾಜೋಲಾಂ ಸೇರಿದರೆ ಉಸಿರು ಕುಗ್ಗುವ ಅಪಾಯ. ಅಪಸ್ಮಾರಕ್ಕೆ ಕೊಡುವ ಕಾರ್ಬಮಜೆಪೀನ್ ಬುಪ್ರೆನಾರ್ಫಿನ್‌ನ ಬಲ ತಗ್ಗಿಸುತ್ತದೆ. ನಮ್ಮ ಕಾಸರಗೋಡಿನಲ್ಲಿ ಒಂದು ಚೀಟಿ ಮಂಗಳೂರಿನದು, ಇನ್ನೊಂದು ಕಾಞಂಗಾಡಿನದು, ಒಬ್ಬರದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಎಲ್ಲ ಮದ್ದುಗಳ ಹೆಸರು, ಪ್ರಮಾಣ ಒಂದೇ ಹಾಳೆಯಲ್ಲಿ ಬರೆದು ಎರಡೂ ಕಡೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು.