ಡೋಸ್ ಬರೆಯದ ಸೀಸೆ

“ಕೇಳಿಲ್ಲಿ ನವೀನ. ‘ಮದುವೆಯಾದವರು ಆಗದವರಿಗಿಂತ ಹೆಚ್ಚು ವರ್ಷ ಬದುಕುತ್ತಾರೆ.’ ಫಾರಿನ್ ಸಂಶೋಧನೆ ಕಣೋ!” ಗುಂಡೂರಾಯರು ಫೋನನ್ನು ಮೂಗಿಗೆ ತಾಗಿಸಿಕೊಂಡು ಓದಿದರು. “ಮೂವತ್ನಾಲ್ಕಾಯ್ತು ನಿನಗೆ. ಇನ್ನೆಷ್ಟು ಆಯಸ್ಸು ವೇಸ್ಟ್ ಮಾಡ್ತೀಯ?”

ನವೀನ ಬೈಟು ಕಾಫಿಯ ಲೋಟದಲ್ಲಿ ಮುಖ ಅಡಗಿಸಿದ.

“ಡೋಸ್ ಎಷ್ಟಂತೆ?” ಅಂದರು ಶೇಷಣ್ಣ.

“ಯಾತರದ್ದು?”

“ಮದುವೇದು. ಔಷಧಿ ಅಂತ ತಾನೆ ಹಂಚ್ತಿರೋದು? ಜೀವಮಾನವೆಲ್ಲ ಮಿಕ್ಸ್ಚರ್ ಕಲಸಿದ ಕಾಂಪೌಂಡರ್ ನಾನು. ಡೋಸು, ಸೈಡ್ ಎಫೆಕ್ಟು, ಎಕ್ಸ್‌ಪೈರಿ ಬರೀದೆ ಇರೋ ಸೀಸೆ ಯಾರ ಕೈಗೂ ಕೊಟ್ಟೋನಲ್ಲ.”

“ಇವತ್ತೇ ಬಂದಿರೋ ಫಾರ್ವರ್ಡು ಶೇಷಣ್ಣ!”

“ಹಳೇ ಸ್ಟಾಕು ರಾಯರೇ. 1858ರಲ್ಲೇ ಇಂಗ್ಲೆಂಡಿನ ವಿಲಿಯಂ ಫಾರ್ ಅನ್ನೋರು ಫ್ರಾನ್ಸಿನ ಸಾವಿನ ಲೆಕ್ಕ ಹರಡಿಕೊಂಡು ಇದನ್ನ ಹೇಳಿದ್ರು. ಗಂಡ ಹೆಂಡತಿ ಇರೋರು ಕಮ್ಮಿ ಸಾಯ್ತಾರೆ, ಒಂಟಿಗಳು ಜಾಸ್ತಿ, ಜೊತೆ ಕಳಕೊಂಡೋರು ಅದಕ್ಕೂ ಜಾಸ್ತಿ. ಅದೇ ಲೆಕ್ಕದಲ್ಲಿ, ಇಪ್ಪತ್ತಕ್ಕೆ ಮುಂಚೆ ಮದುವೆಯಾದ ಹುಡುಗರಿಗೆ ನಷ್ಟವೇ ಅಂತಲೂ ಇತ್ತು. ನಿಮ್ಮ ಗ್ರೂಪಿಗೆ ಬರೋಷ್ಟರಲ್ಲಿ ಆ ಸಾಲು ಉದುರಿಹೋಗಿದೆ.”

“ನಂಗೊಂದು ಡೌಟು,” ಅಂದ ಪರಮೇಶಿ. “ಗಟ್ಟಿಮುಟ್ಟಾಗಿರೋನಿಗೇ ತಾನೆ ಹೆಣ್ಣು ಕೊಡೋದು? ಹೇಗೂ ಬದುಕೋನು ಮದುವೆ ಆದ, ಹೆಸರು ಮದುವೆಗೆ ಬಂತು.”

“ಭೇಷ್! ಲೆಕ್ಕ ಹಾಕೋರೆಲ್ಲ ಒದ್ದಾಡೋದು ಅಲ್ಲೇ. ಆರೋಗ್ಯದಿಂದ ಮದುವೆ ಎಷ್ಟು, ಮದುವೆಯಿಂದ ಆರೋಗ್ಯ ಎಷ್ಟು? ಎರಡನ್ನೂ ಒಂದೇ ಸೀಸೆಗೆ ಹುಯ್ದು ಅಲುಗಾಡಿಸಿದ್ಮೇಲೆ ಬೇರೆ ಮಾಡೋದು ಕಷ್ಟ.”

“ಸೈಡ್ ಎಫೆಕ್ಟು ನನ್ನ ಕೇಳಿ,” ಫಾರ್ವರ್ಡ್ ಮಾಡಿದ ರಾಯರೇ ಈಗ ಪಕ್ಷಾಂತರ. “ನೆನ್ನೆ ಮನೇಲಿ ಬಿಪಿ 152. ಇವಳು ಪಕ್ಕದಲ್ಲೇ ಇದ್ಲು.”

“ಹೇಗೆ ನೋಡಿದ್ರಿ?”

“ಕಾಫಿ ಕುಡಿದು, ಸೋಫಾ ಮೇಲೆ ಕಾಲ ಮೇಲೆ ಕಾಲು ಹಾಕ್ಕೊಂಡು. ಪಟ್ಟೀನ ಶರ್ಟಿನ ತೋಳಿನ ಮೇಲೇ ಕಟ್ಟಿದ್ಲು, ಅದನ್ನೇ ಅವಳಿಗೆ ಬಿಡಿಸಿ ಹೇಳ್ತಾ ಇದ್ದೆ...”

ಶೇಷಣ್ಣ ಲೋಟ ಕೆಳಗಿಟ್ಟರು. “ಕಾಫಿ ಆಗಿ ಅರ್ಧ ಗಂಟೆ ಕಳೀಬೇಕು. ಒಂದಕ್ಕೆ ಹೋಗಿ ಬಂದಿರ್ಬೇಕು. ಬೆನ್ನಿಗೆ ಆಸರೆ, ಎರಡು ಪಾದವೂ ನೆಲಕ್ಕೆ, ಪಟ್ಟಿ ಬರಿ ತೋಳಿಗೆ, ತೋಳು ಎದೆ ಮಟ್ಟದಲ್ಲಿ ಮೇಜಿನ ಮೇಲೆ. ಐದು ನಿಮಿಷ ತೆಪ್ಪಗೆ ಕೂತು ಆಮೇಲೆ ಗುಂಡಿ ಒತ್ತಿ, ಒಂದು ನಿಮಿಷ ಬಿಟ್ಟು ಇನ್ನೊಂದು ಸಲ. ಮಾತಾಡಿದ್ರೆ ಹತ್ತು ಪಾಯಿಂಟು ಏರ್ಬಹುದು, ತೋಳು ಜೋತಾಡ್ತಿದ್ರೆ ಇನ್ನೂ ಹತ್ತು. ಆ ಬಿಪಿ ಅವರು ಏರಿಸಿದ್ದಲ್ಲ ರಾಯರೇ. ನೀವು ಅವರಿಗೆ ಕೊಟ್ಟ ಉತ್ತರ ಏರಿಸಿದ್ದು.”

“ಹಾಗಾದ್ರೆ ಜಗಳದಿಂದ ಏನೂ ಆಗಲ್ಲ ಅನ್ನಿ.”

“ಆಗದೆ ಏನು! ಓಹಾಯೊ ಸ್ಟೇಟ್ ಯೂನಿವರ್ಸಿಟಿಯೋರು 42 ಜೋಡಿಗಳನ್ನ ಕರೆಸಿ, ಮುಂದೋಳಿನ ಚರ್ಮ ಹೀರಿಸಿ ಸಣ್ಣ ಗುಳ್ಳೆ ಎಬ್ಬಿಸಿದ್ರು. ಒಂದು ಸಲ ಹಿತವಾದ ಮಾತು ಆಡಿಸಿದ್ರು, ಇನ್ನೊಂದು ಸಲ ಮನಸ್ತಾಪದ ವಿಷಯ ಕೆದಕಿಸಿದ್ರು. ಗಾಯ ಮಾಯಿಸೋಕೆ ಅಲ್ಲಿ ಸೇರಬೇಕಾದ ರಾಸಾಯನಿಕಗಳು ಜಗಳದ ದಿನ ಕಮ್ಮಿ ಸೇರಿದ್ವು. ಕುಟುಕಿ ಮಾತಾಡೋ ಜೋಡಿಗಳಿಗೆ ಗಾಯ ಮಾಯ್ದ ವೇಗ ಉಳಿದವರ ಶೇಕಡಾ 60ರಷ್ಟೇ. 2005ರ ವರದಿ.”

ಅಷ್ಟರಲ್ಲಿ ಎಲ್ಲರ ಜೇಬೂ ಒಟ್ಟಿಗೆ ಟಿಂಗ್ ಅಂದವು. ರಾಯರ ಹೊಸ ಫಾರ್ವರ್ಡ್: “ಹೆಂಡತಿ ಜೊತೆ ಜಗಳವಾಡಿದರೆ ಮೈಮೇಲೆ ಗುಳ್ಳೆ ಏಳುತ್ತದೆ: ಅಮೆರಿಕದ ವಿಜ್ಞಾನಿಗಳು. ತಪ್ಪದೆ ಶೇರ್ ಮಾಡಿ.” ಅದರ ಕೆಳಗೇ ಅವರ ಮನೆಯವರ ಉತ್ತರ: “ಹಾಗಿದ್ದಿದ್ರೆ ನಿಮ್ಮ ಮೈಮೇಲೆ ಜಾಗ ಉಳೀತಿತ್ತಾ?”

ತರಕಾರಿ ಚೀಲ ಹಿಡಿದು ಬರುತ್ತಿದ್ದ ವಿಮಲಕ್ಕ ನಿಂತರು. “ಆಡೋರು ಪುಣ್ಯವಂತರು ಬಿಡಿ. ಆಡದೆ ನುಂಗ್ಕೊಳ್ಳೋರ ಕತೆ ಏನು?”

“ಅದನ್ನೂ ನೋಡಿದಾರೆ ವಿಮಲಕ್ಕ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅನ್ನೋ ಊರಿನ ಹೃದಯದ ಅಧ್ಯಯನ. ಗಂಡನ ಜೊತೆ ಮನಸ್ತಾಪ ಬಂದಾಗ ಬಾಯಿ ಕಟ್ಟಿಕೊಳ್ಳೋ ಹೆಂಗಸರಿಗೆ, ಆಡಿಬಿಡೋರಿಗಿಂತ, ಹತ್ತು ವರ್ಷದೊಳಗೆ ಸಾಯೋ ಅಪಾಯ ನಾಲ್ಕು ಪಟ್ಟು. ಗಂಡಸರಲ್ಲಿ ಹಾಗೇನೂ ಕಾಣಲಿಲ್ಲ.”

“ನಾವು ನೋಡಿ, ‘ಹೊಂದ್ಕೊಂಡು ಹೋಗಮ್ಮ’ ಅನ್ನೋದನ್ನ ಮಡಿಲಕ್ಕಿ ಜೊತೆಗೇ ಕಟ್ಟಿ ಕಳಿಸ್ತೀವಿ,” ಅಂದು ವಿಮಲಕ್ಕ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದರು.

“ಹಾಗಾದ್ರೆ ನಾನೇ ವಾಸಿ,” ಲೋಟದೊಳಗಿಂದ ನವೀನ.

“ಸುಖವಿಲ್ಲದ ಮದುವೆಗಿಂತ ವಾಸಿ. 2008ರಲ್ಲಿ ದಿನವಿಡೀ ಬಿಪಿ ಮೆಷಿನ್ ಕಟ್ಟಿಸಿ ನೋಡಿದಾಗ ಹೊರಟಿದ್ದು ಇದೇ. ಆದ್ರೆ ರಾತ್ರಿ ನಿದ್ದೇಲಿ ಬಿಪಿ ಇಳಿಯೋದು ಮಾತ್ರ ಮದುವೆಯಾದೋರಿಗೇ ಜಾಸ್ತಿ.”

“ಇಳೀದೆ ಇನ್ನೇನು,” ಅಂದರು ರಾಯರು. “ಇಬ್ಬರೂ ಬಾಯಿ ಮುಚ್ಚಿಕೊಂಡಿರೋ ಹೊತ್ತು ಅದೊಂದೇ.”

ಬೆಂಚಿನ ತುದಿಯಲ್ಲಿದ್ದ ಕಿಟ್ಟಣ್ಣ ಅಲ್ಲಿಯವರೆಗೂ ತುಟಿ ಬಿಚ್ಚಿರಲಿಲ್ಲ. “ಎಕ್ಸ್‌ಪೈರಿ ಹೇಳಲಿಲ್ಲ ನೀವು, ಶೇಷಣ್ಣ.”

ರಾಯರು ಫೋನು ಜೇಬಿಗಿಟ್ಟರು.

“ನಿಮ್ಮ ಮನೆಯವರು ಹೋಗಿ ಎಂಟು ತಿಂಗಳಾಯ್ತಲ್ವಾ? ಬ್ರಿಟನ್ನಿನಲ್ಲಿ 55 ದಾಟಿದ 4,486 ವಿಧುರರನ್ನ ವರ್ಷಗಟ್ಟಲೆ ನೋಡಿ 1969ರಲ್ಲಿ ಬರೆದ್ರು. ಮೊದಲ ಆರು ತಿಂಗಳಲ್ಲಿ ಸಾವು ವಾಡಿಕೆಗಿಂತ ಶೇಕಡಾ 40 ಜಾಸ್ತಿ, ಬಹುಪಾಲು ಹೃದಯದ್ದೇ. ಆಮೇಲಾಮೇಲೆ ಇಳೀತಾ ಬಂತು. ನೀವು ಪಾಸು ಕಿಟ್ಟಣ್ಣ.”

“ಪಾಸೇನೋ ಆದೆ. ಮಾತ್ರೆ ತಗೊಂಡ್ನೋ ಇಲ್ವೋ ಅಂತ ಮಧ್ಯಾಹ್ನ ಇನ್ನೊಂದು ನುಂಗ್ತೀನಿ. ಮುಂಚೆ ತಟ್ಟೆ ಪಕ್ಕ ಇರ್ತಿತ್ತು.”

“ಬೇಡಿ ಬೇಡಿ! ಬಿಪಿ ಮಾತ್ರೆ ಎರಡಾದ್ರೆ ತಲೆ ತಿರುಗಿ ಬಚ್ಚಲಲ್ಲಿ ಬೀಳ್ತೀರಿ. ಅನುಮಾನ ಬಂದ್ರೆ ಆ ಹೊತ್ತಿಗೆ ಬಿಟ್ಟುಬಿಡಿ. ಮಾರ್ಕರ್ ಪೆನ್ನಲ್ಲಿ ಸ್ಟ್ರಿಪ್ಪಿನ ಮೇಲೆ ಒಂದೊಂದು ಮಾತ್ರೆ ಪಕ್ಕ ಸೋಮ, ಮಂಗಳ ಅಂತ ಬರ್ಕೊಳ್ಳಿ. ಮುಂದುಗಡೆ ಬರೀರಿ, ಹಿಂದೆ ಬರೆದ್ರೆ ಒತ್ತೋವಾಗ ಹಾಳೆ ಹರಿದು ಅಕ್ಷರವೂ ಹೋಗತ್ತೆ.”

“ನೆಂಟರ ಫೋನೂ ನಿಂತುಹೋಯ್ತು.”

“ನಿಮಗೆ ಯಾವತ್ತು ಬರ್ತಿತ್ತು? ಬರ್ತಿದ್ದದ್ದು ಅವರಿಗೆ. ನೀವು ಪೇಪರ್ ಹಿಂದಿನಿಂದ ‘ನಾನೂ ಕೇಳ್ದೆ ಅಂತ ಹೇಳು’ ಅಂತಿದ್ರಿ. ನಮ್ಮ ಗಂಡಸರ ನೆಂಟಸ್ತನ ಅಷ್ಟೇ, ಹೆಂಡತಿ ಹೆಸರಲ್ಲಿರೋ ಕನೆಕ್ಷನ್ನು. 2010ರಲ್ಲಿ 148 ಅಧ್ಯಯನ ಕೂಡಿಸಿ ನೋಡಿದ್ರು, ನಂಟು ಗಟ್ಟಿಯಾಗಿರೋರಿಗೆ ಬದುಕಿ ಉಳಿಯೋ ಸಾಧ್ಯತೆ ಶೇಕಡಾ 50 ಜಾಸ್ತಿ. ಅದು ಹೆಂಡತಿ ಒಬ್ಬಳ ಲೆಕ್ಕವಲ್ಲ. ಅಣ್ಣ, ತಂಗಿ, ಗೆಳೆಯ, ಪಕ್ಕದ್ಮನೆ, ಎಲ್ಲ ಸೇರಿ. ನಿಮ್ಮ ಷಡ್ಡಕರ ನಂಬರ್ ಇದೆಯಾ?”

“ಇದೆ. ಏನು ಮಾತಾಡೋದು?”

“‘ಊಟ ಆಯ್ತಾ’ ಅನ್ನಿ. ಅಷ್ಟಂದ್ರೆ ನಮ್ಮ ಜನಕ್ಕೆ ಒಂದು ಗಂಟೆಗೆ ಸಾಕು.”

ಕಿಟ್ಟಣ್ಣ ಸ್ಪೀಕರ್ ಹಾಕಿದರು. ಆ ಕಡೆಯಿಂದ ದನಿ ಬೆಂಚೆಲ್ಲ ತುಂಬಿತು. “ಓಹೋಹೋ, ಭಾವ! ಎಷ್ಟು ದಿನಾಯ್ತು ನಿಮ್ಮ ದನಿ ಕೇಳಿ! ನಾನೇ ಮಾಡೋಣಾಂತಿದ್ದೆ, ಸಂಕೋಚ. ಅಂದಹಾಗೆ ಭಾವ, ನಮ್ಮ ತಂಗಿ ಮಗಳು, ಎಂ.ಟೆಕ್., ಮೂವತ್ತೊಂದು. ನಿಮ್ಮ ಕಡೆ ಯಾರಾದ್ರೂ ಒಳ್ಳೇ ಹುಡುಗ...”

ಎಲ್ಲರೂ ಒಟ್ಟಿಗೆ ತಿರುಗಿದರು. ಬೈಕು ಆಗಲೇ ಗೇಟು ದಾಟಿತ್ತು.

“ಕಾಫಿ ದುಡ್ಡೂ ಕೊಡದೆ ಹೋದ!” ಅಂದ ಪರಮೇಶಿ.