ಸಂಘದ ಸಾಲದಿಂದ ಬಡತನ ಹೋಗುತ್ತಾ? ಯಾರಾದ್ರೂ ಅಳೆದು ನೋಡಿದಾರಾ?

ಪ್ರಶ್ನೆ: ನಮಸ್ಕಾರ ಸರ್. ನಮ್ದು ದಾವಣಗೆರೆ ಹತ್ರ ಹಳ್ಳಿ. ನಮ್ಮತ್ತೆ ಹೊಲಿಗೆ ಮಷಿನ್‌ಗೆ ಅಂತ ಸಂಘದಲ್ಲಿ 30 ಸಾವಿರ ಎತ್ತಿದ್ರು, ಮಷಿನ್ ಬಂತು, ಮಿಕ್ಕಿದ್ರಲ್ಲಿ ಹಳೇ ಕೈಸಾಲ ತೀರಿಸಿದ್ರು, ಈಗ ಮಂಗಳವಾರ ಬಂತು ಅಂದ್ರೆ ಮನೇಲಿ ಎಲ್ಲರ ಮುಖ ಸಪ್ಪೆ, ಅವತ್ತು ಕಂತು. ಮನೆ ಪರಿಸ್ಥಿತಿ ಹೆಂಗಿತ್ತೋ ಹಂಗೇ ಇದೆ. ಮಾವ "ದುಡ್ಡು ಹಾಳ್ಮಾಡ್ದೆ" ಅಂತ ದಿನಾ ಬೈತಾರೆ. ಕಾಲೇಜಲ್ಲಿ ನಮ್ಗೆ ಬಡ ಹೆಂಗಸರಿಗೆ ಅಡಮಾನ ಇಲ್ದೆ ಸಣ್ಣ ಸಾಲ ಕೊಟ್ಟ ಬಾಂಗ್ಲಾದೇಶದ ಯೂನುಸ್, ಅವರ ಗ್ರಾಮೀಣ ಬ್ಯಾಂಕ್, ಅದಕ್ಕೆ ಬಂದ 2006ರ ನೊಬೆಲ್ ಅಂತ ಪಾಠ ಮಾಡಿದ್ರು. ಇಂಥ ಸಾಲದಿಂದ ನಿಜವಾಗ್ಲೂ ಬಡತನ ಹೋಗುತ್ತಾ?

ಉತ್ತರ: ಮೊದ್ಲು ಮಾವನಿಗೆ ಹೇಳಿ, ಅತ್ತೆ ಏನೂ ಹಾಳ್ಮಾಡಿಲ್ಲ. ಇದನ್ನ ಹೈದರಾಬಾದ್‌ನಲ್ಲೇ ಅಳೆದು ನೋಡಿದಾರೆ, ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತೆ ಅವರ ಜೊತೆಯವರು. 104 ಬಡಾವಣೆ ತಗೊಂಡು ಲಾಟರಿ ಚೀಟಿ ಎತ್ತಿದ ಹಂಗೆ 52ರಲ್ಲಿ ಮಾತ್ರ ಒಂದು ಮೈಕ್ರೋಫೈನಾನ್ಸ್ (ಬಡವರಿಗೆ ಸಣ್ಣ ಸಾಲ ಕೊಡೋ ಕಂಪನಿ) ಬ್ರಾಂಚ್ ತೆಗೆಸಿದ್ರು. ಚೀಟಿ ಯಾಕೆ ಅಂದ್ರೆ, ತಾನಾಗೇ ಸಾಲ ತಗೊಳ್ಳೋಳು ಮೊದ್ಲೇ ಸ್ವಲ್ಪ ಧೈರ್ಯಸ್ಥೆ ಇರ್ತಾಳೆ, ಅವಳನ್ನ ಪಕ್ಕದ್ಮನೆಯವಳ ಜೊತೆ ಹೋಲಿಸಿದ್ರೆ ಸಾಲದ ಗುಣ ಯಾವ್ದು ಅವಳ ಗುಣ ಯಾವ್ದು ಗೊತ್ತಾಗಲ್ಲ. ಮೊದಲನೇ ಸಾಲ 10,000 ರೂಪಾಯಿ, 50 ವಾರದ ಕಂತು. ವರ್ಷದ ಮೇಲೆ ಹೋಗಿ ಬ್ರಾಂಚ್ ಇದ್ದ ಬಡಾವಣೆ, ಇಲ್ಲದ ಬಡಾವಣೆ ಎರಡನ್ನೂ ಹೋಲಿಸಿ ನೋಡಿದ್ರೆ, ಮನೆಖರ್ಚು ಒಟ್ಟಾರೆ ಅಷ್ಟೇ ಇತ್ತು, ಮಕ್ಕಳ ಓದು, ಆರೋಗ್ಯ, ಮನೇಲಿ ಹೆಂಗಸರ ಮಾತಿಗೆ ಬೆಲೆ, ಯಾವ್ದ್ರಲ್ಲೂ ಹೇಳ್ಕೊಳ್ಳೋ ಬದಲಾವಣೆ ಇಲ್ಲ. ಬದಲಾಗಿದ್ದು ಇಷ್ಟು: ಮನೆಗೆ ದೊಡ್ಡ ಸಾಮಾನು ಬಂತು, ಟೀ-ಬೀಡಿ ಖರ್ಚು ಕಮ್ಮಿ ಆಯ್ತು, ಮೊದ್ಲೇ ಚೆನ್ನಾಗಿ ನಡೀತಿದ್ದ ಅಂಗಡಿಗಳಿಗೆ ಇನ್ನಷ್ಟು ಲಾಭ ಬಂತು. ಸಾಲ ತಗೊಂಡೋರಲ್ಲಿ ಸುಮಾರು 30% ಜನ ನಿಮ್ಮತ್ತೆ ಹಂಗೇ ಹಳೇ ಸಾಲ ತೀರ್ಸೋಕೂ ಬಳಸಿದ್ರು. ಮೊರಾಕ್ಕೋ, ಮೆಕ್ಸಿಕೋ, ಮಂಗೋಲಿಯಾ, ಇಥಿಯೋಪಿಯಾ, ಬೋಸ್ನಿಯಾದಲ್ಲೂ ಹೆಚ್ಚುಕಮ್ಮಿ ಇದೇ ಕಥೆ. ಮುಳುಗಿಸೋದೂ ಇಲ್ಲ ದಡ ಹತ್ತಿಸೋದೂ ಇಲ್ಲ.

ಕಂತಿನ ವಿಷ್ಯ ಬೇರೆ ಇದೆ. ಸಾಲ ಕೈಗೆ ಬಂದು ಎರಡೇ ವಾರಕ್ಕೆ ಮೊದಲ ಕಂತು ಅಂದ್ರೆ ಮಷಿನ್ ಇನ್ನೂ ಗೋಣಿಚೀಲದಿಂದ ಬಿಚ್ಚಿರಲ್ಲ, ಗಿರಾಕಿ ಎಲ್ಲಿಂದ ಬರ್ಬೇಕು? ಅದಕ್ಕೇ ಬಹಳ ಜನ ಸಾಲದ ಒಂದಷ್ಟು ದುಡ್ಡನ್ನ ಕಂತಿಗೇ ಅಂತ ಡಬ್ಬೀಲಿ ಎತ್ತಿಡ್ತಾರೆ (ಸಾಲದ ದುಡ್ಡಲ್ಲೇ ಸಾಲ ಕಟ್ಟೋದು, ಬಡ್ಡಿ ಬೇರೆ!). ಕೋಲ್ಕತ್ತಾದಲ್ಲಿ ಕೆಲವರಿಗೆ ಎರಡು ತಿಂಗಳು ಬಿಟ್ಟು ಕಂತು ಶುರು ಮಾಡಿ ನೋಡಿದ್ರು. ಅವರು ವ್ಯಾಪಾರಕ್ಕೆ ಜಾಸ್ತಿ ಹಾಕಿದ್ರು, ಮುಂದೆ ಲಾಭನೂ ಜಾಸ್ತಿ ಆಯ್ತು, ಆದ್ರೆ ಸಾಲ ಕಟ್ಟದೇ ಬಿಟ್ಟೋರೂ ಜಾಸ್ತಿ ಆದ್ರು. ಕಂಪನಿಯವರು ಯಾಕೆ ಒಪ್ಪಲ್ಲ ಅಂತ ಅರ್ಥ ಆಯ್ತಲ್ಲ.

ಇನ್ನೊಬ್ಬರು: ಇಷ್ಟೇ ಪ್ರಯೋಜನ ಅಂದ್ಮೇಲೆ ನಿಲ್ಲಿಸಿಬಿಡ್ಲಿ ಸರ್, ವಸೂಲಿಗೆ ಬರೋರ ಕಾಟ ಸಾಕಾಗಿದೆ.

ಉತ್ತರ: ಕಾಟ ನಿಲ್ಲಿಸ್ಬೇಕು, ನಮ್ಮ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತಂದಿದ್ದೂ ಅದಕ್ಕೇ. ಸಾಲನೇ ನಿಂತ್ರೆ ಏನಾಗುತ್ತೆ ಅನ್ನೋದಕ್ಕೆ 2010ರ ಆಂಧ್ರ ನೋಡಿ. ಅಲ್ಲಿ ಸುಗ್ರೀವಾಜ್ಞೆ ಬಂದ್ಮೇಲೆ ಜನ ಕಟ್ಟೋದು ಬಿಟ್ರು, ಕಂಪನಿಗಳ ಹತ್ರ ದುಡ್ಡು ಖಾಲಿ ಆಗಿ ಬೇರೆ ರಾಜ್ಯದಲ್ಲೂ ಸಾಲ ಕೊಡೋದು ನಿಂತೋಯ್ತು. ಹಂಗೆ ಸಾಲ ನಿಂತ ಜಿಲ್ಲೆಗಳಲ್ಲಿ ಆಮೇಲೆ ದಿನಗೂಲಿ ಇಳೀತು ಅಂತ ಬ್ರೆಜಾ, ಕಿನ್ನನ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದಾರೆ. ಅಂದ್ರೆ ಸಾಲನೇ ಮುಟ್ಟದ ಕೂಲಿಯವನಿಗೂ ಪೆಟ್ಟು. ತೀರಾ ಬಡವರಿಗೆ ಸಾಲಕ್ಕಿಂತ ಆಡು, ಹಸು ಪುಕ್ಕಟೆ ಕೊಟ್ಟು, ಕೆಲವು ತಿಂಗಳು ಊಟದ ಖರ್ಚು ನೋಡ್ಕೊಂಡು, ಮನೆಗೇ ಹೋಗಿ ಹೇಳ್ಕೊಡೋದು ಚೆನ್ನಾಗಿ ಕೆಲಸ ಮಾಡುತ್ತೆ, ಬಾಂಗ್ಲಾದೇಶದ ಬ್ರ್ಯಾಕ್ ಅನ್ನೋ ಸಂಸ್ಥೆ ಶುರು ಮಾಡಿದ್ದು, ಆರು ದೇಶದಲ್ಲಿ ಪರೀಕ್ಷೆ ಆಗಿದೆ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸರ್. ಅತ್ತೆ ಈಗೇನು ಮಾಡ್ಬೋದು?

ಉತ್ತರ: ವಾರದ ಬದ್ಲು ತಿಂಗಳ ಕಂತು ಮಾಡ್ಕೊಡಿ ಅಂತ ಬರವಣಿಗೇಲಿ ಕೇಳ್ಲಿ. 2022ರ ಆರ್‌ಬಿಐ ನಿಯಮದ ಪ್ರಕಾರ ಸಾಲಗಾರರ ಅನುಕೂಲಕ್ಕೆ ಕಂತಿನ ಅವಧಿ ಹೊಂದಿಸೋ ಪಾಲಿಸಿ ಪ್ರತಿ ಕಂಪನಿಗೂ ಇರ್ಬೇಕು. ಮನೆಯ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟೋ ಹಂಗಿಲ್ಲ, ಅದನ್ನೂ ಒಂದ್ಸಲ ಕೂಡಿ ನೋಡಿ. ಹೊಸ ಸಾಲ ಎತ್ತಿ ಇದನ್ನ ಮುಚ್ಚೋಕೆ ಮಾತ್ರ ಹೋಗೋದು ಬೇಡ.