ಅಡಿಕೆ ಆಮದಿನ ಬಗ್ಗೆ ಪ್ರಸನ್ನನಿಗೆ ಉತ್ತರ

ಪ್ರಸನ್ನಾ, ಅಡಿಕೆ ಆಮದು ತಡೆಯಬೇಕೆಂದು ನಿನ್ನ ದೊಡ್ಡಪ್ಪ ಗುಂಪಿನಲ್ಲಿ ಹಾಕಿದ್ದಕ್ಕೆ, ‘ಕಿಲೋಗೆ 351 ರೂಪಾಯಿಗಿಂತ ಕಡಿಮೆಗೆ ತರಿಸುವಂತಿಲ್ಲ, ಮೇಲೆ ನೂರಕ್ಕೆ ನೂರು ಸುಂಕ, ಇನ್ನೆಷ್ಟು ರಕ್ಷಣೆ ಬೇಕು’ ಎಂದು ಕೇಳಿದ್ದೀಯ. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಸ್ವಲ್ಪ ಉದ್ದವಾಗುತ್ತದೆ, ಪೂರ್ತಿ ಕೇಳು.

2017ರಲ್ಲಿ 251 ಇದ್ದ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ 351ಕ್ಕೆ ಏರಿಸಿದ್ದು ನಿಜ. ಪೂರ್ತಿ ಸುಂಕ ಕಟ್ಟಿದರೆ ಅದು 702 ಆಗುತ್ತದೆ. ಆ ದರದ ಮಾಲು ಶಿವಮೊಗ್ಗದ ರಾಶಿ ಇಡಿಯ (ಬೇಯಿಸಿ ಒಣಗಿಸಿದ ನಮ್ಮ ಕೆಂಪಡಿಕೆಯ) ಎದುರು ನಿಲ್ಲಲಾರದು. ನಮ್ಮನ್ನು ಕಾಡುವುದು ಸುಂಕವಿಲ್ಲದೆ ಬರುವ ಮಾಲು. ಒಂದು ದೇಶದಲ್ಲಿ ಬೆಳೆದ ಅಡಿಕೆ, ನಮ್ಮೊಂದಿಗೆ ಸುಂಕ ವಿನಾಯಿತಿಯ ಒಪ್ಪಂದವಿರುವ ಇನ್ನೊಂದು ದೇಶದ ಪ್ರಮಾಣಪತ್ರ ಹೊತ್ತು ಬಂದರೆ, 351ರ ಆಸುಪಾಸಿನಲ್ಲೇ ಇಲ್ಲಿಗೆ ಮುಟ್ಟುತ್ತದೆ. ಕ್ವಿಂಟಲ್‌ಗೆ 45 ಸಾವಿರ ದಾಟಿದ ರಾಶಿಯನ್ನು ಆಗ ಯಾರು ಕೇಳುತ್ತಾರೆ? ‘ಹುರಿದ ಅಡಿಕೆ’ ಎಂದು ಬರೆಸಿ ತಂದರೆ ಈ ಕನಿಷ್ಠ ಬೆಲೆಯೂ ಅನ್ವಯಿಸುತ್ತಿರಲಿಲ್ಲ. ಆ ಕಿಂಡಿಯನ್ನು ಮುಚ್ಚಿದ್ದು 2025ರ ಏಪ್ರಿಲ್‌ನಲ್ಲಿ. ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಲು 2022ರಲ್ಲಿ ಕೊಟ್ಟ ಅನುಮತಿಗೆ ಇಲ್ಲಿ ದೊಡ್ಡ ಗಲಾಟೆಯೇ ಆಯಿತು, ಆದರೆ ನನಗೆ ಅದರ ಚಿಂತೆ ಕಡಿಮೆ, ಏಕೆಂದರೆ ಅದು ಲೆಕ್ಕಕ್ಕೆ ಸಿಗುವ ಮಾಲು.

ಕಾಳುಮೆಣಸಿನ ಕಥೆಯೂ ಹೀಗೆಯೇ. ಶ್ರೀಲಂಕಾದಿಂದ ವರ್ಷಕ್ಕೆ 2,500 ಟನ್ ಮೆಣಸಿಗೆ ಸುಂಕವಿಲ್ಲ. ಆ ದಾರಿಯಲ್ಲಿ ವಿಯೆಟ್ನಾಂ ಮೆಣಸು ನುಗ್ಗುತ್ತಿದೆ ಎಂದು ಬೆಳೆಗಾರರು ದೂರಿದ ಮೇಲೆ, 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ಬಂತು. ಮೂಲ ಯಾವುದೆಂದು ಪರೀಕ್ಷಿಸದೆ ಬೆಲೆಯನ್ನಷ್ಟೇ ಏರಿಸುತ್ತ ಹೋದರೆ ಸುಳ್ಳು ಬಿಲ್ಲು ಬರೆಯುವವರಿಗೆ ಅನುಕೂಲವೇ ಹೊರತು ನಮಗಲ್ಲ.

ಇದು ತೋಟದ ಯಜಮಾನರ ಲಾಭದ ಮಾತಷ್ಟೇ ಎಂದು ನೀನು ತಿಳಿಯಬಾರದು. ಹೊರಗಿನ ಅಡಿಕೆ ಸುಲಿದು ಒಣಗಿಸಿಕೊಂಡೇ ಹಡಗು ಹತ್ತುತ್ತದೆ. ನಮ್ಮಲ್ಲಿ ಕೊನೆಗಾರ ಮರ ಹತ್ತಿ ಕೊನೆ ಇಳಿಸಬೇಕು, ಹೆಂಗಸರು ರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯಬೇಕು, ಹಂಡೆಯಲ್ಲಿ ಬೇಯಿಸಿ, ಅಡಿಕೆ ಬೇಯಿಸಿದ ನೀರಿನ ಗಟ್ಟಿ ರಸವಾದ ಚೊಗರು ಹಾಕಿ, ಅಟ್ಟದ ಮೇಲೆ ಹರವಿ ಒಣಗಿಸಬೇಕು. ಸುಲಿಯುವವರ ಬೆರಳುಗಳು ಸುಗ್ಗಿ ಮುಗಿಯುವವರೆಗೂ ಕಪ್ಪಾಗಿಯೇ ಇರುತ್ತವೆ. ಆ ಕೂಲಿಯಿಂದಲೇ ಎಷ್ಟೋ ಮನೆಗಳ ವರ್ಷದ ಸಾಲ ತೀರುತ್ತದೆ. ದರ ಬಿದ್ದರೆ ತೋಟದ ಫಸಲನ್ನು ಗುತ್ತಿಗೆ ಹಿಡಿದ ಚೇಣಿದಾರ ಮೊದಲು ಕೈಯಿಡುವುದು ಈ ಕೂಲಿಗೆ. ಬೇರೆ ಬೆಳೆಗೆ ಹೋಗಿ ಎನ್ನುವವರಿಗೆ ಒಂದು ಮಾತು: ಅಡಿಕೆ ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕು, ಹಾಗೆ ಬೆಳೆಸಿದ ತೋಟವನ್ನು ಒಂದು ಮಳೆಗಾಲದಲ್ಲಿ ಬದಲಿಸಲು ಆಗುವುದಿಲ್ಲ.

ಆಮದನ್ನೇ ನಿಷೇಧಿಸಿ ಎಂದು ನಾನು ಕೇಳುವುದಿಲ್ಲ, ಈ ವಿಷಯದಲ್ಲಿ ನಿನ್ನ ದೊಡ್ಡಪ್ಪನಿಗೂ ನನಗೂ ಭಿನ್ನಾಭಿಪ್ರಾಯವಿದೆ. ದರ ಏರಿದ ವರ್ಷ ಸುಲಿಯುವವರ ಕೂಲಿ ಏರಿಸಲು ಮೀನಮೇಷ ಎಣಿಸುವ ನಮ್ಮವರೂ ತಿದ್ದಿಕೊಳ್ಳಬೇಕು. ಸುಂಕ ವಿನಾಯಿತಿ ಕೇಳುವ ಪ್ರತಿ ಲೋಡಿನ ಮೂಲವನ್ನು ಬಂದರಿನಲ್ಲೇ ಪರೀಕ್ಷಿಸಬೇಕೆಂಬ ಮನವಿಯನ್ನು ನಮ್ಮ ಅಡಿಕೆ ಮಾರಾಟ ಸಹಕಾರ ಸಂಘ ಮ್ಯಾಮ್ಕೋಸ್‌ನ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಇಡಬೇಕೆಂದಿದ್ದೇನೆ. ನಿನ್ನ ಹೆಸರಿನಲ್ಲೂ ಷೇರು ಇದೆ. ಕರಡು ಕಳುಹಿಸುತ್ತೇನೆ, ಓದಿ, ಒಪ್ಪಿಗೆಯಾದರೆ ಸಹಿ ಮಾಡು.